ಸರ್ಟಿಫಿಕೇಟ್ ಬಂತು, ಪಾಠ ಯಾವಾಗ?

ಕಳೆದ ಕಾಫಿ ಕೊಯ್ಲಿನ ಸಮಯ. ಕೊಡಗಿನ ಸುಂಟಿಕೊಪ್ಪದ ಬಸ್ ಸ್ಟ್ಯಾಂಡ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸಿಕ್ಕಿದರು. ತೋಟದ ಕೆಲಸ, ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ವಾಸ. ಮಗ ಈಗ ಏಳನೇ ತರಗತಿ. ನನ್ನನ್ನು ಕಂಡದ್ದೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಡಾಕ್ಟರ ರಿಪೋರ್ಟು, ಸರ್ಟಿಫಿಕೇಟು, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು, ಎಲ್ಲದರ ಜೆರಾಕ್ಸು. ಒಂದೊಂದನ್ನೂ ಮಡಿಕೆ ಬೀಳದ ಹಾಗೆ ಇಟ್ಟುಕೊಂಡಿದ್ದರು. ಹುಡುಗನಿಗೆ ಇರುವುದು ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಬರೆದಿತ್ತು. ಅಂದರೆ ಬುದ್ಧಿ ಚುರುಕಾಗಿದ್ದರೂ ಓದು ಬರಹ ಮಾತ್ರ ಕೈಹಿಡಿಯದ ತೊಂದರೆ. "ಮಡಿಕೇರಿಗೂ ಹೋಗಿ ಬಂದ್ವಿ, ಮೈಸೂರಿಗೂ ಹೋಗಿ ಬಂದ್ವಿ ಟೀಚರ್. ಎಲ್ಲಾ ಆಯ್ತು. ಇನ್ನು ಇದನ್ನ ಯಾರಿಗೆ ಕೊಟ್ರೆ ಇವನಿಗೆ ಓದೋಕೆ ಬರುತ್ತೆ?" ಅಂತ ಕೇಳಿದರು.

ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ಒಂದು ದಿನ ತಪ್ಪಿಸಿದರೆ ಆ ದಿನದ ಹಣ ಹೋಯಿತು ಅಂತಲೇ ಲೆಕ್ಕ. ಅಂಥ ದಿನಗಳನ್ನು ಬಿಟ್ಟು ಆ ತಾಯಿ ಓಡಾಡಿದ್ದಾರೆ. ಮಡಿಕೇರಿಯಿಂದ ಮೈಸೂರು ಅಂದರೆ ಹೆಚ್ಚುಕಡಿಮೆ 120 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ವಾಪಸ್ ಬರುವಾಗ ಕತ್ತಲಾಗಿರುತ್ತದೆ. ಅವರು ಅಷ್ಟೆಲ್ಲ ಮಾಡಿದ್ದು ಕಾರ್ಡಿಗಾಗಿ ಅಲ್ಲ, ಮಗ ಓದಲಿ ಅಂತ. ಅವರ ಪ್ರಶ್ನೆಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಆ ಕಾರ್ಡಿನಿಂದ ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗಬಹುದು, ಬರೆಯಲು ಒಬ್ಬರನ್ನು ಕೊಡಬಹುದು. ಇದೆಲ್ಲ ಬೇಕೇ ಬೇಕು, ಬಹಳ ಹೋರಾಟದಿಂದ ಸಿಕ್ಕ ಸವಲತ್ತು. ಆದರೆ ಬಸ್ಸಿನ ಬೋರ್ಡು ಓದಲು ಬಾರದ ಹನ್ನೆರಡು ವರ್ಷದ ಹುಡುಗನಿಗೆ ನಾಳೆ ಬೆಳಿಗ್ಗೆ ಯಾರು, ಏನು ಕಲಿಸುತ್ತಾರೆ? ಆ ರಿಪೋರ್ಟಿನ ಕೊನೆಯಲ್ಲಿ ಇದ್ದದ್ದು ಒಂದೇ ಸಾಲು: ವಿಶೇಷ ಬೋಧನೆ ಕೊಡುವುದು. ಯಾರು ಕೊಡಬೇಕು, ಎಲ್ಲಿಂದ ಶುರು ಮಾಡಬೇಕು ಅನ್ನೋದು ಇಲ್ಲ.

ಈ ಪ್ರಶ್ನೆ ತಲೆಯಲ್ಲಿ ಕೂತಾಗಿನಿಂದ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವ ವ್ಯಕ್ತಿ ಸ್ಯಾಮ್ಯುಯೆಲ್ ಕರ್ಕ್. ಬಿ.ಇಡಿ. ಪುಸ್ತಕಗಳಲ್ಲಿ ಇವರಿಗೆ ಸಿಗೋದು ಒಂದು ಸಾಲು: 1963ರಲ್ಲಿ ಕಲಿಕಾ ನ್ಯೂನತೆ ಎಂಬ ಹೆಸರನ್ನು ಬಳಕೆಗೆ ತಂದವರು. ಒಂದು ಅಂಕದ ಪ್ರಶ್ನೆಗೆ ಸಾಕು. ಆದರೆ ಆ ಮನುಷ್ಯ ಇಡೀ ಜೀವನ ಮಾಡಿದ ಕೆಲಸ ನೋಡಿದರೆ, ಹೆಸರಿಟ್ಟದ್ದು ಅದರಲ್ಲಿ ಬಹಳ ಸಣ್ಣ ಭಾಗ ಅನ್ನಿಸುತ್ತದೆ.

ರಾತ್ರಿ ಒಂಬತ್ತರ ಪಾಠ

ಕರ್ಕ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ರಗ್ಬಿ ಎಂಬ ಊರಿನಲ್ಲಿ. ಬೇಸಾಯದ ಮನೆತನ. ಹುಡುಗನಾಗಿದ್ದಾಗಲೇ ಸಂಜೆ ಹೊತ್ತು ಅಪ್ಪನ ಹೊಲದ ಕೂಲಿಯಾಳುಗಳಿಗೆ ಓದು ಕಲಿಸುತ್ತಿದ್ದರಂತೆ. ಕೊಡಗಿನವಳಾದ ನನಗೆ ಇದನ್ನು ಓದಿದಾಗ ಲೈನ್ ಮನೆಗಳೇ ಕಣ್ಣ ಮುಂದೆ ಬಂದವು. ದಿನವಿಡೀ ಮೈ ಮುರಿದು ದುಡಿದವರು ರಾತ್ರಿ ಅಕ್ಷರದ ಮುಂದೆ ಕೂರುವುದು ಅಂದರೆ ಏನು ಅಂತ ಇಲ್ಲಿ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಆಮೇಲೆ ಅವರು ಓದಲು ಹೋದದ್ದು ಷಿಕಾಗೋ ವಿಶ್ವವಿದ್ಯಾಲಯಕ್ಕೆ. 1929ರಲ್ಲಿ, ಖರ್ಚಿಗಾಗಿ ಊರ ಹೊರಗಿನ ಓಕ್ ಫಾರೆಸ್ಟ್ ಎಂಬಲ್ಲಿ ಒಂದು ವಸತಿ ಶಾಲೆಯಲ್ಲಿ ಕೆಲಸ ಹಿಡಿದರು. ಬುದ್ಧಿಮಾಂದ್ಯರು, ಪುಂಡರು ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಹುಡುಗರ ಶಾಲೆ ಅದು. ಮಕ್ಕಳನ್ನು ಆಟ ಆಡಿಸುವುದು, ರಾತ್ರಿ ಮಲಗಿಸುವ ಹೊತ್ತಿಗೆ ನರ್ಸ್‌ಗಳಿಗೆ ಸಹಾಯ ಮಾಡುವುದು, ಇದು ಅವರ ಡ್ಯೂಟಿ. ಅಲ್ಲಿನ ದಾಖಲೆ ಓದುವಾಗ ಹತ್ತು ವರ್ಷದ ಒಬ್ಬ ಹುಡುಗನ ಬಗ್ಗೆ ಅವರಿಗೆ ಕುತೂಹಲ ಹುಟ್ಟಿತು. ಅವನಿಗೆ ಓದಲು ಬರುತ್ತಿರಲಿಲ್ಲ. ಕಲಿಸಲಾ ಅಂತ ಕೇಳಿದರೆ ಹುಡುಗ ಖುಷಿಯಿಂದ ಒಪ್ಪಿದ. ಉಳಿದ ಮಕ್ಕಳು ಮಲಗಿದ ಮೇಲೆ ರಾತ್ರಿ ಒಂಬತ್ತಕ್ಕೆ ಅವನು ಮೆಲ್ಲಗೆ ಎದ್ದು ಬರುತ್ತಿದ್ದ. ಕೂರಲು ಬೇರೆ ಜಾಗ ಇರಲಿಲ್ಲ. ಮಲಗುವ ಕೋಣೆಗಳ ನಡುವೆ, ಕಕ್ಕಸಿನ ಬಾಗಿಲ ಬಳಿ ಇದ್ದ ಸಣ್ಣ ಜಾಗದಲ್ಲಿ ಪಾಠ. ಯಾರಾದರೂ ಎದ್ದು ಬಂದರೂ ಹುಡುಗ ಕಕ್ಕಸಿಗೆ ಬಂದ ಅಂತ ಹೇಳಬಹುದಿತ್ತು.

ಕರ್ಕ್ ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿ. ಓದಲು ಕಷ್ಟಪಡುವ ಮಕ್ಕಳ ಬಗ್ಗೆ ಆಗ ಇದ್ದ ಬರಹಗಳನ್ನು ಹುಡುಕಿ ಓದಿದರು. ಷಿಕಾಗೋದಲ್ಲಿ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ಮೇರಿಯನ್ ಮನ್ರೋ ಅವರ ಬಳಿ ಹೋಗಿ ಕೇಳಿ ತಿಳಿದುಕೊಂಡರು. ಮಗುವಿನ ತಪ್ಪನ್ನು ಗಮನಿಸೋದು, ಅದು ಯಾವ ತಪ್ಪು ಅಂತ ಗುರುತಿಸೋದು, ಆ ತಪ್ಪಿಗೆ ತಕ್ಕ ಪಾಠ ಮಾಡೋದು. ಏಳು ತಿಂಗಳಾಗುವಷ್ಟರಲ್ಲಿ ಆ ಹುಡುಗ ಮೂರನೇ ತರಗತಿಯ ಮಟ್ಟಕ್ಕೆ ಓದುತ್ತಿದ್ದ. ಅವನನ್ನು ಆ ಸಂಸ್ಥೆಯಿಂದ ಬಿಡುಗಡೆ ಮಾಡಿ ಮಾಮೂಲಿ ಶಾಲೆಗೆ ಕಳಿಸಿದರು. ಬುದ್ಧಿಮಾಂದ್ಯ ಅಂತ ಬರೆದಿಟ್ಟ ಕಾಗದ ಅವನಿಗೆ ಆ ಬಾಗಿಲು ತೆಗೆಯಲಿಲ್ಲ, ಓದಲು ಬಂದದ್ದು ತೆಗೆಯಿತು.

ಮುಂದೆ ಕರ್ಕ್ ದೊಡ್ಡ ಪ್ರೊಫೆಸರ್ ಆದರು. ಮಿಷಿಗನ್‌ನಲ್ಲಿ ಪಿಎಚ್.ಡಿ., ಆಮೇಲೆ ಮಿಲ್ವಾಕಿ, 1947ರಿಂದ ಇಲಿನಾಯ್ ವಿಶ್ವವಿದ್ಯಾಲಯ. ಅಲ್ಲಿ ವಿಶೇಷ ಮಕ್ಕಳ ಬಗ್ಗೆ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. 1958ರಲ್ಲಿ ಬಂದ ಅವರ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬುದ್ಧಿಮಾಂದ್ಯರೆಂದು ಕರೆಯಲಾದ, ಮೂರರಿಂದ ಆರು ವರ್ಷದ 81 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು. ಕೆಲವರಿಗೆ ಶಾಲೆಗೆ ಮುಂಚಿನ ಶಿಕ್ಷಣ ಸಿಕ್ಕಿತು, ಕೆಲವರಿಗೆ ಇಲ್ಲ. ಸಿಕ್ಕವರಲ್ಲಿ ಹೆಚ್ಚಿನವರು ಮುಂದೆ ಬಂದರು. ಬುದ್ಧಿಶಕ್ತಿ ಹುಟ್ಟಿನಿಂದಲೇ ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಧಿಕಾರದಲ್ಲಿ ಕೆಲವೇ ತಿಂಗಳು

1963ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ತಂದೆತಾಯಂದಿರ ಒಂದು ಸಭೆ ನಡೆಯಿತು. ನೋಡಲು ಚುರುಕಾಗಿದ್ದು ಓದು, ಬರಹ, ಮಾತಿನಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ ಮಕ್ಕಳ ಅಪ್ಪ ಅಮ್ಮಂದಿರು. ಒಬ್ಬೊಬ್ಬ ಡಾಕ್ಟರು ಒಂದೊಂದು ಹೆಸರು ಹೇಳಿ ಕಳಿಸಿದ್ದರು. ಮೆದುಳಿಗೆ ಪೆಟ್ಟು ಅನ್ನುವವರು ಒಬ್ಬರು, ಬೇರೇನೋ ದೋಷ ಅನ್ನುವವರು ಇನ್ನೊಬ್ಬರು. ಅಲ್ಲಿ ಮಾತನಾಡಿದ ಕರ್ಕ್ ಇಂಥ ಮಕ್ಕಳ ತೊಂದರೆಯನ್ನು ಕಲಿಕಾ ನ್ಯೂನತೆ ಅಂದರು. ಪೋಷಕರು ಅದನ್ನೇ ಹಿಡಿದು ಸಂಘ ಕಟ್ಟಿದರು. ಆದರೆ ಅದೇ ಭಾಷಣದಲ್ಲಿ ಅವರು ಎಚ್ಚರಿಕೆಯನ್ನೂ ಕೊಟ್ಟಿದ್ದರು: ನಾವು ಹಚ್ಚುವ ಹಣೆಪಟ್ಟಿಯಿಂದ ನಮಗೆ ಸಮಾಧಾನ ಆಗುತ್ತದೆ, ಮಗುವಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ ಎಂಬ ಅರ್ಥದ ಮಾತು. ಹೆಸರನ್ನು ಇಡೀ ಪ್ರಪಂಚ ತೆಗೆದುಕೊಂಡಿತು. ಎಚ್ಚರಿಕೆ ಅಲ್ಲೇ ಉಳಿಯಿತು.

ಅದೇ ವರ್ಷ ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಒಂದು ಕಾನೂನಿಗೆ ಸಹಿ ಹಾಕಿದರು. ಕೆನಡಿಯವರ ತಂಗಿ ರೋಸ್‌ಮೇರಿಗೆ ಬೌದ್ಧಿಕ ತೊಂದರೆ ಇತ್ತು, ಈ ವಿಷಯ ಅವರ ಮನೆಯದೇ ಆಗಿತ್ತು. ಆ ಕಾನೂನಿನಲ್ಲಿ ವಿಶೇಷ ಶಿಕ್ಷಕರ ತರಬೇತಿಗೆ ಮತ್ತು ಸಂಶೋಧನೆಗೆ ಸರ್ಕಾರದ ಹಣ ಸಿಗುವ ವ್ಯವಸ್ಥೆ ಇತ್ತು. ಮೊದಲು ಬುದ್ಧಿಮಾಂದ್ಯ ಮಕ್ಕಳ ಶಿಕ್ಷಕರಿಗೆ ಸಿಗುತ್ತಿದ್ದ ತರಬೇತಿ ಹಣ ಈಗ ಬೇರೆ ಬೇರೆ ನ್ಯೂನತೆಯ ಮಕ್ಕಳಿಗೆ ಕಲಿಸುವವರಿಗೂ ಸಿಗುವಂತಾಯಿತು. ಈ ಕೆಲಸ ನೋಡಿಕೊಳ್ಳಲು ಶಿಕ್ಷಣ ಕಚೇರಿಯಲ್ಲಿ ಹೊಸ ವಿಭಾಗ ತೆರೆದು ಕರ್ಕ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಸಹಿ ಹಾಕಿ ಮೂರು ವಾರ ಕಳೆದಿತ್ತಷ್ಟೇ, ಕೆನಡಿ ಹತ್ಯೆಯಾಯಿತು. ಕರ್ಕ್ ವಾಷಿಂಗ್ಟನ್‌ನಲ್ಲಿ ಇದ್ದದ್ದು ಕೆಲವೇ ತಿಂಗಳು. ಕೆಲಸಕ್ಕೆ ಬುನಾದಿ ಹಾಕಿ 1964ರಲ್ಲಿ ವಿಶ್ವವಿದ್ಯಾಲಯಕ್ಕೆ ವಾಪಸ್ ಹೋದರು. ಆಮೇಲೆ ಸರ್ಕಾರದ ಸಲಹಾ ಸಮಿತಿಯ ಮುಖ್ಯಸ್ಥರಾಗಿ ಕಲಿಕಾ ನ್ಯೂನತೆಯ ವ್ಯಾಖ್ಯೆ ಬರೆಸಿದರು. ಅದೇ ಕಲಿಕಾ ನ್ಯೂನತೆಯ ಮಕ್ಕಳಿಗಾಗಿನ 1969ರ ಕಾನೂನಿಗೂ, 1975ರಲ್ಲಿ ಎಲ್ಲ ನ್ಯೂನತೆಯ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕು ಕೊಟ್ಟ ಕಾನೂನಿಗೂ ದಾರಿಯಾಯಿತು.

ನನ್ನ ಮನಸ್ಸು ನಿಲ್ಲುವುದು ಆ ಕೆಲವು ತಿಂಗಳ ಮೇಲೆ. ಅಧಿಕಾರ ಸಿಕ್ಕಾಗ ಆ ಮನುಷ್ಯನ ಮೇಜಿನ ಮೇಲೆ ಇದ್ದ ಮುಖ್ಯ ಕೆಲಸ ಕಲಿಸುವವರನ್ನು ತಯಾರು ಮಾಡುವುದು. ಕಕ್ಕಸಿನ ಬಾಗಿಲ ಬಳಿ ಒಬ್ಬ ಹುಡುಗನಿಗೆ ಕಲಿಸಿದವರಿಗೆ ಗೊತ್ತಿತ್ತು, ಎಷ್ಟೇ ಪರೀಕ್ಷೆ ಮಾಡಿದರೂ ಕೊನೆಗೆ ಮಗುವಿನ ಪಕ್ಕ ಕೂರುವ ಒಬ್ಬರು ಬೇಕು ಅಂತ.

ಕರ್ಕ್ ಅವರ ಎಲ್ಲ ಕೆಲಸವೂ ಕಾಲದ ಪರೀಕ್ಷೆಯಲ್ಲಿ ಗೆದ್ದಿತು ಅಂತಲ್ಲ. ಮಗುವಿನ ಭಾಷಾ ಸಾಮರ್ಥ್ಯವನ್ನು ಬಿಡಿಬಿಡಿಯಾಗಿ ಅಳೆಯಲು ಸಂಗಡಿಗರ ಜೊತೆ ಅವರು ಮಾಡಿದ ಇಲಿನಾಯ್ ಪರೀಕ್ಷೆ ಬಹಳ ಹೆಸರು ಮಾಡಿತ್ತು. ಆದರೆ ಆ ಬಿಡಿ ಸಾಮರ್ಥ್ಯಗಳಿಗೆ ತರಬೇತಿ ಕೊಟ್ಟರೆ ಓದು ಸುಧಾರಿಸುತ್ತದೆ ಅನ್ನೋದಕ್ಕೆ ಸರಿಯಾದ ಆಧಾರ ಇಲ್ಲ ಅಂತ 1974ರಲ್ಲಿ ಹ್ಯಾಮಿಲ್ ಮತ್ತು ಲಾರ್ಸೆನ್ ಎಂಬ ಸಂಶೋಧಕರು ಬರೆದರು. ಓದು ಬರಬೇಕಾದರೆ ಓದನ್ನೇ ಕಲಿಸಬೇಕು ಎಂಬ ಕಡೆಗೆ ಆಮೇಲಿನ ಸಂಶೋಧನೆ ವಾಲಿತು. ವಿಚಿತ್ರ ಅಂದರೆ, 1929ರಲ್ಲಿ ಓಕ್ ಫಾರೆಸ್ಟ್‌ನಲ್ಲಿ ಅವರು ಮಾಡಿದ್ದೂ ಅದನ್ನೇ ಅಲ್ವಾ.

ಸೂರ್ಯ ಅಂತ ಓದೋದು ಎಷ್ಟು ಕಷ್ಟ

ಇದು ನಮ್ಮ ಕನ್ನಡದಲ್ಲಿ ಹೇಗೆ ಕಾಣುತ್ತೆ ಅಂತ ಹೇಳಲು ಒಂದು ಮಧ್ಯಾಹ್ನದ ಮಾತು ಬರೆಯಬೇಕು. ಆ ತಾಯಿಯ ಮಗ ಭಾನುವಾರಗಳಲ್ಲಿ ನಮ್ಮ ಮನೆಗೆ ಬರಲು ಶುರು ಮಾಡಿದ ಮೇಲಿನ ಕಥೆ. ಕಣದಲ್ಲಿ ಕಾಫಿ ಒಣಗುತ್ತಿತ್ತು, ನಾವು ಜಗಲಿಯಲ್ಲಿ ಕೂತಿದ್ದೆವು. ಮೂರನೇ ತರಗತಿಯ ಪುಸ್ತಕ ಕೊಟ್ಟೆ. "ಮರ", "ನವಿಲು", "ಬಾಳೆ" ಎಲ್ಲ ನಿಧಾನಕ್ಕೆ ಬಂತು. "ಸೂರ್ಯ" ಬಂದಾಗ ನಿಂತ. ಸ್ವಲ್ಪ ಹೊತ್ತು ನೋಡಿ "ಸೂಯರ" ಅಂದ. "ವರ್ಷ" ಅನ್ನೋದಕ್ಕೆ "ವಷರ" ಅಂದ. "ಕಾರ್ಯ" ಅನ್ನೋದನ್ನ ನೋಡಿದವನೇ ಪುಸ್ತಕ ಮುಚ್ಚಿದ.

ಅವನು ಓದಿದ್ದನ್ನು ಸರಿಯಾಗಿ ನೋಡಿ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಸೂ ಆದ ಮೇಲೆ ಯ ಇದೆ, ಅದರ ಬಲಕ್ಕೆ ಅರ್ಕಾವೊತ್ತು ಇದೆ. ಎಡದಿಂದ ಬಲಕ್ಕೆ ಓದು ಅಂತ ಒಂದನೇ ತರಗತಿಯಿಂದ ನಾವೇ ಹೇಳಿಕೊಟ್ಟಿದ್ದೇವೆ. ಅರ್ಕಾವೊತ್ತನ್ನು ಬರೆಯೋದು ವ್ಯಂಜನದ ಆಮೇಲೆ, ಉಚ್ಚರಿಸೋದು ಮೊದಲು. ಹೆಚ್ಚಿನ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ನಾಲ್ಕು ಸಲ ಕೇಳಿ ತಾವೇ ಹಿಡಿದುಬಿಡುತ್ತಾರೆ. ಇಂಥ ಹುಡುಗನಿಗೆ ಬಿಡಿಸಿ ಹೇಳಲೇಬೇಕು. ಹತ್ತು ಸಲ, ಇಪ್ಪತ್ತು ಸಲ, ಬೇರೆ ಬೇರೆ ದಿನ ಹೇಳಬೇಕು. ಮೊದಲು ಬಾಯಲ್ಲಿ ಮಾಡಿಸಿದೆ. ಸೂರ್ಯ ಅನ್ನು, ಒಡೆದು ಹೇಳು, ಸೂರ್ ಆಮೇಲೆ ಯ. ಆಮೇಲೆ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಅರ್ಕಾವೊತ್ತಿಗೆ ಕೆಂಪು ಸೀಮೆಸುಣ್ಣ ಹಚ್ಚಿದೆ. ಕೆಂಪು ಕಂಡರೆ ಬೆರಳು ಅಲ್ಲಿಡು, ಮೊದಲು ರ್ ಅನ್ನು, ಆಮೇಲೆ ಎಡಗಡೆಯ ಅಕ್ಷರ ಹೇಳು. ಅಕ್ಷರದ ಮೇಲೆ ಬೆರಳಾಡಿಸುತ್ತಾ ಬಾಯಲ್ಲಿ ಹೇಳುವ ಪದ್ಧತಿಯನ್ನು ಕರ್ಕ್ ಅವರ ಕಾಲದಲ್ಲಿ ಗ್ರೇಸ್ ಫರ್ನಾಲ್ಡ್ ಎಂಬುವರು ಬಹಳ ಬೆಳೆಸಿದ್ದರು. ನಮ್ಮ ಹಿರಿಯರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದದ್ದೂ ಹೀಗೇ.

ಅವನಿಗೆ ಆವತ್ತು ಬಂದದ್ದು ಸೂರ್ಯ, ವರ್ಷ, ಕಾರ್ಯ, ಬರ್ತಾನೆ, ಇಷ್ಟು. "ಬರ್ತಾನೆ" ಪುಸ್ತಕದಲ್ಲಿ ಇರಲಿಲ್ಲ, ನಾನೇ ಬರೆದೆ. ಅವನು ಮಾತಿನಲ್ಲಿ ದಿನಾ ಬಳಸುವ ಪದ ಓದಲು ಬಂತು ಅಂದಾಗ ಅವನ ಮುಖ ಬೇರೆಯೇ ಆಯಿತು. "ಟೀಚರ್, ಹೋಗ್ತಾನೆ ಬರೀರಿ" ಅಂದ. ಬರೆದೆ. ಇದರಲ್ಲಿ ಅರ್ಕಾವೊತ್ತು ಇಲ್ಲ, ಗ ಕೆಳಗೆ ತಾವತ್ತು ಇದೆ. ಇಲ್ಲಿ ಮೇಲಿನದ್ದು ಮೊದಲು, ಕೆಳಗಿನದ್ದು ಆಮೇಲೆ. ನಿಯಮ ತಿರುಗಿತು. ಅವನು ಮತ್ತೆ ಗೊಂದಲಕ್ಕೆ ಬಿದ್ದ, ಆ ಭಾನುವಾರ ಅಲ್ಲಿಗೇ ನಿಲ್ಲಿಸಿದೆವು. ಒಂದು ಒತ್ತು ಗಟ್ಟಿಯಾಗುವ ಮುಂಚೆ ಇನ್ನೊಂದಕ್ಕೆ ಹೋಗಬಾರದು ಅನ್ನೋದು ಇಂಥ ಮಕ್ಕಳ ವಿಷಯದಲ್ಲಿ ಎಷ್ಟು ಮುಖ್ಯ ಅಂತ ಕೂತು ಮಾಡಿದರೆ ಮಾತ್ರ ಗೊತ್ತಾಗುತ್ತದೆ. ದ, ಧ, ಥ ಒಂದು ಗುಂಪು. ಪ, ಫ, ಷ ಇನ್ನೊಂದು. ಯಾವ ಮಗು ಯಾವ ಗುಂಪಿನಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಸರ್ಟಿಫಿಕೇಟಿನಲ್ಲಿ ಇರೋದಿಲ್ಲ.

ಮನೆಯ ಮಾತೇ ಬೇರೆ ಆದಾಗ

ಕೊಡಗಿನಲ್ಲಿ ಇನ್ನೊಂದು ವಿಷಯ ಇದೆ. ಇಲ್ಲಿನ ಒಂದು ಸಾಮಾನ್ಯ ಸರ್ಕಾರಿ ಶಾಲೆಯ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ, ಜೇನುಕುರುಬ ಮಾತಿನ ಮಕ್ಕಳು ಸಿಗಬಹುದು. ಈಗ ತೋಟಗಳಿಗೆ ಅಸ್ಸಾಂ, ಬಂಗಾಳದ ಕಡೆಯಿಂದ ಕುಟುಂಬಗಳು ಬರುತ್ತಿರುವುದರಿಂದ ಅವರ ಮಕ್ಕಳೂ ಇದ್ದಾರೆ. ಇವರಿಗೆಲ್ಲ ಶಾಲೆಯ ಕನ್ನಡ ಮನೆಯ ಭಾಷೆ ಅಲ್ಲ. ಇದರ ಮೇಲೆ ಕೊಯ್ಲಿನ ಗೈರು, ಮಳೆಗಾಲದ ರಜೆ, ಆನೆ ಬಂದಿದೆ ಅಂತ ದಾರಿಯಲ್ಲಿ ಮಕ್ಕಳನ್ನು ಬಿಡದ ದಿನಗಳು. ಓದಲು ಬಾರದ ಮಗು ಕಂಡರೆ ಕಾರಣ ಇದರಲ್ಲಿ ಯಾವುದು?

ಪೊನ್ನಂಪೇಟೆ ಕಡೆ ಕೆಲಸ ಮಾಡುವ ಗೆಳತಿಯೊಬ್ಬಳ ತರಗತಿಗೆ ಒಮ್ಮೆ ಹೋಗಿದ್ದೆ. ಬುಡಕಟ್ಟು ಜನರ ಹಾಡಿಯಿಂದ ಬರುವ ಯರವ ಹುಡುಗಿಯೊಬ್ಬಳನ್ನು ತೋರಿಸಿದಳು. ತರಗತಿಯಲ್ಲಿ ಬಾಯಿ ಬಿಡೋದಿಲ್ಲ, ಪಾಠ ಓದು ಅಂದರೆ ತಲೆ ಬಗ್ಗಿಸುತ್ತಾಳೆ. ಬುದ್ಧಿ ಸ್ವಲ್ಪ ಕಡಿಮೆ ಇರಬೇಕು, ಕಳಿಸಿ ಟೆಸ್ಟ್ ಮಾಡಿಸೋಣ ಅಂತ ಶಾಲೆಯಲ್ಲಿ ಮಾತಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಹುಡುಗಿ ತನ್ನ ತಮ್ಮನಿಗೂ ಅವನ ಜೊತೆಯವರಿಗೂ ಹಿಂದಿನ ರಾತ್ರಿ ಹಲಸಿನ ಮರಕ್ಕೆ ಆನೆ ಬಂದ ಕಥೆ ಹೇಳುತ್ತಿದ್ದಳು. ನನಗೆ ಯರವ ಮಾತು ಪೂರ್ತಿ ತಿಳಿಯದು. ಆದರೆ ಮೊದಲು ನಾಯಿ ಬೊಗಳಿದ್ದು, ಆಮೇಲೆ ಕೊಂಬೆ ಮುರಿದದ್ದು, ಅಪ್ಪ ತಗಡು ಬಡಿದದ್ದು, ಮರಿಯಾನೆ ಹಿಂದೆ ಉಳಿದದ್ದು, ಒಂದೂ ಹಿಂದೆ ಮುಂದೆ ಆಗಲಿಲ್ಲ. ಕೈಸನ್ನೆಯಲ್ಲೇ ನನಗೂ ಗೊತ್ತಾಯಿತು. ಗೆಳತಿ ಆ ಹುಡುಗಿಯ ಕಥೆಯಲ್ಲಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಅದರಿಂದಲೇ ಓದಿಸಲು ಶುರು ಮಾಡಿದಳು. ಹುಡುಗಿ ಈಗ ಓದುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಭಾಷೆಯ ಸೇತುವೆ.

ಕರ್ಕ್ ಅವರ ವ್ಯಾಖ್ಯೆಯಿಂದ ಹುಟ್ಟಿದ ಅಮೆರಿಕದ ಕಾನೂನಿನಲ್ಲೂ ಬಡತನದಿಂದಲೋ ಬೇರೆ ಸಂಸ್ಕೃತಿಯಿಂದಲೋ ಬಂದ ಹಿನ್ನಡೆಯನ್ನು ಕಲಿಕಾ ನ್ಯೂನತೆ ಅಂತ ಕರೆಯಬಾರದು ಎಂದು ಬರೆದಿದೆ. ಆದರೂ ಅಲ್ಲಿನ ಶಾಲೆಗಳು ಓದಿನಲ್ಲಿ ಹಿಂದಿದ್ದ ಮಕ್ಕಳನ್ನೆಲ್ಲ ಅದೇ ಪಟ್ಟಿಗೆ ಸೇರಿಸತೊಡಗಿದವು. 1975ರಲ್ಲಿ ಜಾನ್ ಎಲ್ಕಿನ್ಸ್ ಜೊತೆ ಸೇರಿ ಕರ್ಕ್ ಕಲಿಕಾ ನ್ಯೂನತೆಗೆಂದೇ ತೆರೆದಿದ್ದ ಕೇಂದ್ರಗಳ ಮಕ್ಕಳ ಬಗ್ಗೆ ಅಧ್ಯಯನ ಮಾಡಿದಾಗ, ಬಹಳ ಮಕ್ಕಳಿಗೆ ಇದ್ದದ್ದು ಸಾಮಾನ್ಯ ಹಿನ್ನಡೆ ಅಂತ ಕಂಡಿತು. ತಾನೇ ಬಳಕೆಗೆ ತಂದ ಹೆಸರು ತಪ್ಪು ಮಕ್ಕಳ ಮೇಲೆ ಬೀಳುತ್ತಿದೆ ಅಂತ ಬಹಿರಂಗವಾಗಿ ಹೇಳಲು ಧೈರ್ಯ ಬೇಕು. ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚಾದದ್ದು ಇಲ್ಲೇ.

ಕಾನೂನಿನ ಉಳಿದ ಅರ್ಧ

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಒಪ್ಪಿಕೊಂಡಿತು, ಅದರಲ್ಲಿ ಇದೂ ಬಂತು. ಅದರ 16ನೇ ಕಲಂ ಓದಿ ನೋಡಿ. ಮಕ್ಕಳಲ್ಲಿನ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು, ಮತ್ತು ಅದನ್ನು ದಾಟಲು ತಕ್ಕ ಬೋಧನೆಯ ಕ್ರಮಗಳನ್ನು ಕೈಗೊಳ್ಳಬೇಕು ಅಂತ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಾವು ಮೊದಲ ಅರ್ಧಕ್ಕೆ ಕಾರ್ಡು, ಕ್ಯಾಂಪು, ಆನ್‌ಲೈನ್ ಅರ್ಜಿ ಎಲ್ಲ ಮಾಡಿದ್ದೇವೆ. ಎರಡನೇ ಅರ್ಧ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟಿರುವ ಬಿಐಇಆರ್‌ಟಿ ಶಿಕ್ಷಕರ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರ, ಹೆಗಲ ಮೇಲಿದೆ. ಹಾಸಿಗೆ ಹಿಡಿದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಕೊಡುವವರೂ ಅವರೇ, ಕ್ಯಾಂಪಿಗೆ ಮಕ್ಕಳನ್ನು ಕರೆತರುವವರೂ ಅವರೇ, ದಾಖಲೆ ತುಂಬಿಸುವವರೂ ಅವರೇ. ಘಟ್ಟದ ರಸ್ತೆಗಳಲ್ಲಿ, ಆ ಮಳೆಯಲ್ಲಿ ಅವರು ಮಾಡುವ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ಅರ್ಕಾವೊತ್ತಿನಲ್ಲಿ ಸಿಕ್ಕಿಕೊಂಡ ಹುಡುಗನ ಪಕ್ಕ ವಾರಕ್ಕೆ ಮೂರು ದಿನ ಕೂರಲು ಅವರಿಂದ ಹೇಗೆ ಸಾಧ್ಯ?

ಹಾಗಾಗಿ ಈ ಕೆಲಸ ಮಾಮೂಲಿ ತರಗತಿಯ ಶಿಕ್ಷಕರಿಗೇ ಬರಬೇಕು, ಅದಕ್ಕೆ ಅವರಿಗೆ ತರಬೇತಿಯೂ ಸಮಯವೂ ಸಿಗಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮಗು ತನ್ನ ವೇಗದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಪ್ರತಿ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅನ್ನೋದು ಗೋಡೆಯ ಮೇಲೇ ಕಾಣುತ್ತದೆ. ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತ ಮಗುವನ್ನು ಕಂಡುಹಿಡಿಯಲು ಮೈಸೂರಿಗೆ ಹೋಗಬೇಕಾಗಿಲ್ಲ. ಕಾಣಿಸಿದ ದಿನವೇ ಶುರು ಮಾಡಬಹುದು. ಸರ್ಟಿಫಿಕೇಟ್ ಬೇಕಾದರೆ ಆಮೇಲೆ ಬರಲಿ. ಕಣ್ಣು, ಕಿವಿ ಪರೀಕ್ಷೆ ಮಾತ್ರ ಮೊದಲೇ ಮಾಡಿಸಲೇಬೇಕು. ಕಿವಿ ಸೋರುವ ಮಗು ಅಕ್ಷರ ತಪ್ಪು ಕೇಳಿಸಿಕೊಂಡು ದಡ್ಡ ಅನ್ನಿಸಿಕೊಂಡದ್ದನ್ನು ನಾನು ಬಹಳ ನೋಡಿದ್ದೇನೆ.

ಕರ್ಕ್ ಇಲಿನಾಯ್ ಬಿಟ್ಟ ಮೇಲೂ ಸುಮ್ಮನೆ ಕೂರಲಿಲ್ಲ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮತ್ತೆ ಪಾಠ ಮಾಡಿದರು. 1996ರಲ್ಲಿ ಟೂಸಾನ್‌ನಲ್ಲಿ ತೀರಿಕೊಂಡಾಗ ಅವರ ಕೈಕೆಳಗೆ ಕಲಿತವರು ಎಷ್ಟೋ ಕಡೆ ಶಿಕ್ಷಕರಿಗೆ ಕಲಿಸುತ್ತಿದ್ದರು.

ಕೊಡಗಿನ ಯಾವುದೇ ಮೂಲೆಯಲ್ಲಿ ಮೂರನೇ, ನಾಲ್ಕನೇ ತರಗತಿಗೆ ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಓದಲು ಬಾರದ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ. ತಿದ್ದಬೇಡಿ. ಅದು ಹೇಳಿದ ಹಾಗೆಯೇ, ತಪ್ಪು ತಪ್ಪಾಗಿಯೇ ಬರೆದುಕೊಳ್ಳಿ. ಕಾಗುಣಿತದಲ್ಲಿ ನಿಲ್ಲುತ್ತಾ, ಒತ್ತಕ್ಷರದಲ್ಲಾ, ಪದದ ಅರ್ಥವೇ ಗೊತ್ತಿಲ್ವಾ, ಅಂತ ಪಕ್ಕದಲ್ಲಿ ಗುರುತು ಹಾಕಿ. ಮಗುವಿನ ಮನೆಮಾತು ಯಾವುದು ಅಂತಲೂ ಬರೆಯಿರಿ. ಮುಂದಿನ ವಾರಕ್ಕೆ ಆ ಪಟ್ಟಿಯಿಂದ ಒಂದೇ ಒಂದು ತಪ್ಪನ್ನು ಆರಿಸಿಕೊಂಡು, ದಿನಕ್ಕೆ ಕಾಲು ಗಂಟೆ ಅದನ್ನು ಮಾತ್ರ ಕಲಿಸಿ. ಆ ಹಾಳೆಯನ್ನು ಜೋಪಾನವಾಗಿಡಿ, ಮಗು ಮುಂದಿನ ತರಗತಿಗೆ ಹೋಗುವಾಗ ಅಲ್ಲಿನ ಟೀಚರ್ ಕೈಗೆ ಕೊಡಿ.